ಐದು ತೂತಿನ ಆಪರೇಷನ್

ಡ್ರೈವಿಂಗ್ ಕಲಿಯಲು ಬರುವವರೆಲ್ಲ ಅವಳನ್ನು ಬ್ರೇಕ್ ಅಕ್ಕ ಎಂದು ಕರೆಯುತ್ತಿದ್ದರು. ಕಲಿಸುವ ಕಾರಿನಲ್ಲಿ ಅವಳ ಕಾಲ ಕೆಳಗೂ ಒಂದು ಬ್ರೇಕ್ ಇತ್ತು. ಅದನ್ನು ಒತ್ತುವಾಗ ಅವಳು ಯಾರ ಮುಲಾಜೂ ನೋಡುತ್ತಿರಲಿಲ್ಲ. ಬ್ಯಾಂಕಿನ ಮ್ಯಾನೇಜರ್ ಇರಲಿ, ಮದುವೆ ಗೊತ್ತಾದ ಹುಡುಗಿ ಇರಲಿ, ತಪ್ಪು ಮಾಡಿದರೆ ಕಾರು ಗಕ್ಕನೆ ನಿಲ್ಲುತ್ತಿತ್ತು, ಹಿಂದೆಯೇ ಬೈಗುಳ ಶುರುವಾಗುತ್ತಿತ್ತು. "ಕನ್ನಡಿ ಇಟ್ಟಿರೋದು ತಲೆ ಬಾಚಿಕೊಳ್ಳೋಕಲ್ಲ" ಎಂಬ ಮಾತು ದಿನಕ್ಕೆ ಹತ್ತು ಸಲವಾದರೂ ಬರುತ್ತಿತ್ತು. ಜನ ಬೈಸಿಕೊಂಡೇ ಕಲಿಯುತ್ತಿದ್ದರು, ಪಾಸಾಗುತ್ತಿದ್ದರು, ಆಮೇಲೆ ತಮ್ಮ ಮನೆಯವರನ್ನೂ ಅವಳ ಹತ್ತಿರವೇ ಕಳಿಸುತ್ತಿದ್ದರು.

ಸೀಟ್ ಬೆಲ್ಟಿನ ಕೆಳಗೆ, ಹೊಟ್ಟೆಯ ಮೇಲೆ, ಅವಳು ಒಂದು ಮೆತ್ತನೆಯ ಬಟ್ಟೆ ಮಡಚಿ ಇಟ್ಟುಕೊಳ್ಳುತ್ತಿದ್ದಳು. ಅದು ಯಾಕೆ ಎಂದು ಯಾರಾದರೂ ಕೇಳಲಿ ಎಂದು ಒಳಗೊಳಗೇ ಕಾಯುತ್ತಿದ್ದಳು ಎಂದರೂ ತಪ್ಪಿಲ್ಲ. ಕೇಳಿದರೆ ಸಾಕು, ಉತ್ತರ ನಾಲಿಗೆ ತುದಿಯಲ್ಲೇ ಇರುತ್ತಿತ್ತು. "ಅಪ್ಪನಿಗೆ ಲಿವರ್ ಕೊಟ್ಟೆ. ಅರ್ಧಕ್ಕಿಂತ ಜಾಸ್ತಿ. ಎದೆ ಮೂಳೆ ಕೆಳಗಿಂದ ನೇರ ಬಂದು, ಹೊಕ್ಕಳ ಮೇಲೆ ಬಲಕ್ಕೆ ತಿರುಗಿ, ಪಕ್ಕೆವರೆಗೂ ಕೊಯ್ದಿದ್ರು. ಮೂವತ್ತೆರಡು ಸೆಂಟಿಮೀಟರ್. ಏನ್ ನೋಡ್ತೀಯ, ಸಿಗ್ನಲ್ ಬಿತ್ತು, ನಡಿ."

ಅದು ಹನ್ನೆರಡು ವರ್ಷದ ಹಿಂದಿನ ಮಾತು. ಆಗ ಅವಳಿಗೆ ಇಪ್ಪತ್ತಾರು, ತಂಗಿ ಇನ್ನೂ ಹೈಸ್ಕೂಲಿನಲ್ಲಿದ್ದಳು. ಅಪ್ಪ ಅವಳ ಲಿವರಿನಿಂದ ಒಂಬತ್ತು ವರ್ಷ ಚೆನ್ನಾಗಿ ಬದುಕಿ, ಕೊನೆಗೆ ಹೃದಯದ ಕಾಯಿಲೆಯಿಂದ ಹೋದರು. ಅವಳು ಕಳೆದುಕೊಂಡದ್ದೂ ಕಡಿಮೆಯೇನಲ್ಲ. ಪಿತ್ತ ಸೋರಿ ಒಂದು ತಿಂಗಳು ಪಕ್ಕೆಗೆ ನಳಿಕೆ ಸಿಕ್ಕಿಸಿಕೊಂಡು ಮಲಗಿದ್ದಳು. ಎರಡು ವರ್ಷದ ಮೇಲೆ ಹೊಲಿಗೆಯ ಜಾಗದಲ್ಲಿ ಹರ್ನಿಯಾ ಬಂದು ಮತ್ತೆ ಹೊಟ್ಟೆ ಕೊಯ್ಸಿಕೊಂಡಿದ್ದಳು. ಮದುವೆಯಾಗುತ್ತೇನೆ ಎಂದಿದ್ದವನು ಆಸ್ಪತ್ರೆಗೆ ಎರಡು ಸಲ ಬಂದವನು ಮೂರನೇ ಸಲ ಬರಲಿಲ್ಲ.

ಆದರೆ ಅದಕ್ಕೆಲ್ಲ ಬದಲಾಗಿ ಮನೆಯಲ್ಲಿ ಅವಳಿಗೊಂದು ಸ್ಥಾನ ಸಿಕ್ಕಿತ್ತು. ಯಾವ ನೆಂಟರು ಬಂದರೂ ಅಮ್ಮ ಟೀ ಲೋಟ ಕೈಗೆ ಕೊಡುವ ಮೊದಲೇ "ಇವರಪ್ಪನ ಜೀವ ಉಳಿಸಿದ್ದು ನಮ್ಮ ದೊಡ್ಡವಳು" ಎಂದು ಶುರುಮಾಡುತ್ತಿದ್ದಳು. "ಅಯ್ಯೋ ಬಿಡಮ್ಮ, ಅದೇನ್ ಮಹಾ" ಎಂದು ಇವಳು ಅಡುಗೆಮನೆಗೆ ಎದ್ದು ಹೋಗುತ್ತಿದ್ದಳು. ಹೋಗಿ ಬಾಗಿಲ ಮರೆಯಲ್ಲಿ ನಿಂತು, ಅಮ್ಮ ನಳಿಕೆಯ ವಿಷಯಕ್ಕೆ ಬಂದಳೋ ಇಲ್ಲವೋ ಎಂದು ಕಿವಿಗೊಟ್ಟು ಕೇಳುತ್ತಿದ್ದಳು. ನಳಿಕೆಯ ಮಾತು ಬಿಟ್ಟುಹೋದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ತಂಗಿಗೆ ಈ ಬಗೆಯ ಸಂಪಾದನೆ ಏನೂ ಇರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಕೆಲಸ, ಮಾತೆತ್ತಿದರೆ ನಗು, ಮೆತ್ತನೆಯ ಗಂಡ, ಮೂರು ವರ್ಷದ ಮಗಳು. ಬೇಕಾದ್ದೆಲ್ಲ ಹೂವೆತ್ತಿದ ಹಾಗೆ ಕೈಗೆ ಬಂದಿತ್ತು. ಇರಲಿ ಬಿಡು, ಅವಳಿಗೆ ಅದೆಲ್ಲ ಇರಲಿ, ಲಿವರಿನ ವಿಷಯ ಒಂದು ನನ್ನದು ಎಂದು ಅಕ್ಕ ಸಮಾಧಾನ ಮಾಡಿಕೊಂಡಿದ್ದಳು.

ಹಾಗಿರುವಾಗ ಅಮ್ಮನ ಲಿವರ್ ಕೆಟ್ಟಿತು. ಕುಡಿತವಿಲ್ಲ, ಏನಿಲ್ಲ, ಸಕ್ಕರೆ ಕಾಯಿಲೆಯ ಜೊತೆ ಸದ್ದಿಲ್ಲದೆ ಕೊಬ್ಬು ತುಂಬಿ ಒಳಗೇ ಗಟ್ಟಿಯಾಗಿಬಿಟ್ಟಿತ್ತು. ಹೊಟ್ಟೆಯಲ್ಲಿ ನೀರು ತುಂಬಿತು, ಕಣ್ಣು ಹಳದಿಯಾಯಿತು. ಹೆಚ್ಚೆಂದರೆ ನಾಲ್ಕೈದು ತಿಂಗಳು, ಅಷ್ಟರೊಳಗೆ ಬೇರೆ ಲಿವರ್ ಹಾಕಲೇಬೇಕು ಎಂದರು. ತೀರಿಹೋದವರಿಂದ ಬರುವ ಲಿವರಿಗೆ ಕಾಯುವವರ ಸಾಲು ವರ್ಷಗಟ್ಟಲೆ ಉದ್ದವಿತ್ತು. ಮನೆಯವರೇ ಯಾರಾದರೂ ಕೊಡಬೇಕಿತ್ತು.

ಅಕ್ಕ ಯಾರನ್ನೂ ಕೇಳದೆ ಸೀದಾ ಆಸ್ಪತ್ರೆಗೆ ಹೋಗಿ "ನನ್ನದು ತಗೊಳ್ಳಿ" ಎಂದಳು. ಒಮ್ಮೆ ಕೊಟ್ಟವರು ಮತ್ತೆ ಕೊಡುವ ಹಾಗಿಲ್ಲ ಎಂದು ಅವಳಿಗೆ ಗೊತ್ತಿಲ್ಲದೆ ಏನಿರಲಿಲ್ಲ. ಉಳಿದ ತುಂಡು ಬೆಳೆದು ಜಾಗ ತುಂಬಿಕೊಂಡಿರುತ್ತದೆ, ಆದರೆ ಕವಲೊಡೆದ ರಕ್ತನಾಳಗಳಲ್ಲಿ ಒಂದು ಕವಲು ಹೋಗಿರುತ್ತದೆ, ಅದು ಮತ್ತೆ ಚಿಗುರುವುದಿಲ್ಲ. ಗೊತ್ತಿದ್ದೂ ಕೇಳಿದಳು. ಆಗುವುದಿಲ್ಲ ಎಂದಾಗ ಅತ್ತಳು. ಆಮೇಲೆ ಸೋದರಮಾವನ ಮಗನನ್ನು ಪರೀಕ್ಷೆ ಮಾಡಿದರು. ಅವನ ಲಿವರಿನಲ್ಲೂ ಕೊಬ್ಬಿತ್ತು. ಡಾಕ್ಟರ್ ಅವನನ್ನು ಎದುರು ಕೂರಿಸಿಕೊಂಡು, ಸ್ಕ್ಯಾನಿನ ಫಿಲ್ಮ್ ತೋರಿಸಿ, ಅರ್ಧ ಗಂಟೆ ವಿವರಿಸಿ, ದಿನಾ ನಡಿ ಎಂದು ಬುದ್ಧಿ ಹೇಳಿ ಕಳಿಸಿದರು. ಕೊನೆಗೆ ಉಳಿದವಳು ತಂಗಿ. ಅವಳದು ಎಲ್ಲಾ ಹೊಂದಿತು.

ಶಸ್ತ್ರವೈದ್ಯೆ ಅಕ್ಕತಂಗಿ ಇಬ್ಬರನ್ನೂ ಕರೆದು ಮಾತಾಡಿದರು. ಮೇಜಿನ ಮೇಲೆ ಬಿಡಿಸಿ ಜೋಡಿಸಬಹುದಾದ ಪ್ಲಾಸ್ಟಿಕ್ ಲಿವರ್ ಇತ್ತು. "ಐದು ತೂತು, ಒಂದೊಂದೂ ಬೆರಳಿನ ತುದಿಯಷ್ಟು" ಎಂದರು. "ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆಯ ಸಲಕರಣೆ. ಒಳಗೇ ಲಿವರ್ ಬಿಡಿಸ್ತೀವಿ. ಬಿಡಿಸಿದ ಭಾಗಾನ ಒಂದು ಚೀಲಕ್ಕೆ ಹಾಕಿ ಕಿಬ್ಬೊಟ್ಟೆ ಹತ್ತಿರ ಅಡ್ಡ ಗೀಟು ಕೊಯ್ದು ಹೊರಗೆ ತೆಗೀತೀವಿ. ನಿಮಗೆ ಸಿಸೇರಿಯನ್ ಆಗಿದೆ ಅಲ್ವಾ? ಆ ಹಳೇ ಗೀಟಿನಲ್ಲೇ ತೆಗೆದರಾಯ್ತು. ಐದು ದಿನಕ್ಕೆ ಮನೆ."

ಹೊಸ ಗಾಯವೂ ಇಲ್ಲ! ಅಕ್ಕನಿಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು. ಮಗು ಹುಟ್ಟಿದ ದಾರಿಯಲ್ಲೇ ಲಿವರೂ ಬರುತ್ತದಂತೆ. ಇವಳಿಗೆ ಎಲ್ಲದಕ್ಕೂ ದಾರಿ ಮೊದಲೇ ಮಾಡಿಟ್ಟಿರುತ್ತದೆ.

"ಹನ್ನೆರಡು ವರ್ಷದ ಹಿಂದೆ ಈ ತೂತು ಇರಲಿಲ್ವಾ ಡಾಕ್ಟರ್?" ಎಂದು ಕೇಳಿದಳು. ದನಿ ತನಗೇ ಒರಟಾಗಿ ಕೇಳಿಸಿತು.

"ಇತ್ತು. ಪಿತ್ತಕೋಶ ತೆಗೆಯೋದಕ್ಕೆ ಇತ್ತು. ಲಿವರಿಗೆ ಕೈ ಹಾಕೋ ಧೈರ್ಯ ಎಲ್ಲರಿಗೂ ಇರಲಿಲ್ಲ. ಲಿವರ್ ಅಂದ್ರೆ ರಕ್ತ ಕುಡಿದ ಸ್ಪಂಜು. ಹೊಟ್ಟೆ ತೆರೆದಿದ್ರೆ, ರಕ್ತ ಚಿಮ್ಮಿದಾಗ ಕೈಯಲ್ಲೇ ಒತ್ತಿ ಹಿಡೀಬಹುದು. ತೂತಿನಲ್ಲಿ ಕೈ ಹೋಗಲ್ಲ. ಅದಕ್ಕೇ ಮೊದಲು ಅಂಚಿನ ಸಣ್ಣ ಚೂರು ತೆಗೆದು ಕಲಿತರು, ಆಮೇಲೆ ಎಡಭಾಗ, ಆಮೇಲೆ ಬಲಭಾಗ. ದಾನಿಗಳ ಸರದಿ ಬಂದದ್ದು ಎಲ್ಲಕ್ಕಿಂತ ಕೊನೇಲಿ. ಕಾಯಿಲೆನೇ ಇಲ್ಲದೆ ನಡ್ಕೊಂಡು ಬಂದವರ ಮೇಲೆ ಹೊಸ ಪ್ರಯೋಗ ಮಾಡೋ ಹಾಗಿಲ್ವಲ್ಲ." ಅವರು ನಕ್ಕರು. "ನಿಮ್ಮ ಆಪರೇಷನ್‌ನಲ್ಲಿ ನಾನೂ ಇದ್ದೆ. ಆಗಿನ್ನೂ ಕಲೀತಿದ್ದೆ. ನಿಮ್ಮ ಪಕ್ಕೆಲುಬಿಗೆ ಕೊಕ್ಕೆ ಹಾಕಿ ಮೇಲಕ್ಕೆ ಎಳೆದು ಹಿಡಿಯೋದು ನನ್ನ ಕೆಲಸ. ಏಳು ಗಂಟೆ ನಿಂತಿದ್ದೆ. ನಿಮ್ಮಂಥವರಿಂದಲೇ ನಾವು ಒಳಗಿನ ದಾರಿ ಕಲಿತಿದ್ದು."

ಆಕೆ ಕೃತಜ್ಞತೆಯಿಂದಲೇ ಹೇಳಿದ್ದು. ಅಕ್ಕನ ಕಿವಿಗೆ ಅದು ಬೇರೆಯಾಗಿ ಬಿತ್ತು. ತನ್ನ ಹೊಟ್ಟೆಯ ಮೇಲೆ ಕಲಿತು, ಕಲಿತದ್ದನ್ನು ತಂಗಿಗೆ ಬಡಿಸುತ್ತಿದ್ದಾರೆ. ತಾನು ತೋಡಿದ ಬಾವಿ, ನೀರು ಅವಳಿಗೆ.

ಶಸ್ತ್ರವೈದ್ಯೆ ಲೆಕ್ಕವನ್ನೂ ಮುಚ್ಚಿಡಲಿಲ್ಲ. ಇಲ್ಲಿಯವರೆಗೆ ನೂರ ನಲವತ್ತು ದಾನಿಗಳಿಗೆ ಹೀಗೆ ಮಾಡಿದ್ದೇವೆ, ಐದು ಜನರಿಗೆ ನಡುವೆ ಹೊಟ್ಟೆ ತೆರೆಯಬೇಕಾಯಿತು, ಹನ್ನೊಂದು ಜನರಿಗೆ ಪಿತ್ತ ಸೋರಿ ಆಮೇಲೆ ಸರಿಹೋಯಿತು, ಯಾರೂ ಸತ್ತಿಲ್ಲ, ಆದರೆ ಅಪಾಯವೇ ಇಲ್ಲವೆಂದು ಮಾತ್ರ ನಾನು ಹೇಳುವುದಿಲ್ಲ ಎಂದರು. ತಂಗಿ ತಲೆಯಾಡಿಸುತ್ತ ಕೇಳಿದಳು. ಅಕ್ಕ ಒಂದು ಅಂಕಿಯನ್ನೂ ಮರೆಯಲಿಲ್ಲ.

ಮರುದಿನದಿಂದಲೇ ಮನೆಯ ಗಾಳಿ ತಿರುಗಿತು. ಫೋನ್ ಬಂದರೆ ಅಮ್ಮ ಸೋತ ದನಿಯಲ್ಲೇ "ನಮ್ಮ ಚಿಕ್ಕವಳು ಕೊಡ್ತಾಳಂತೆ" ಎನ್ನುವಳು. ನೆಂಟರು ತಂಗಿಯ ಕೆನ್ನೆ ಸವರುವರು. ಹನ್ನೆರಡು ವರ್ಷ ಅಮ್ಮನ ಬಾಯಲ್ಲಿ ಓಡಾಡಿದ್ದ ನಳಿಕೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಒಬ್ಬ ದೊಡ್ಡಮ್ಮನಂತೂ ಅಕ್ಕನ ಎದುರಿಗೇ, "ಈಗೆಲ್ಲ ಬಲು ಸುಲಭವಂತೆ ಕಣೇ, ನೀನು ಪಾಪ ಅವಸರ ಮಾಡಿಬಿಟ್ಟೆ" ಎಂದಳು. ಹನ್ನೆರಡು ವರ್ಷ ಕಾಯಬೇಕಿತ್ತಂತೆ, ಅಪ್ಪ ಕಾಯುತ್ತಿದ್ದರೇನೋ. ಅವತ್ತು ಡ್ರೈವಿಂಗ್ ಕಲಿಯಲು ಬಂದವರ ಗ್ರಹಚಾರ ನೆಟ್ಟಗಿರಲಿಲ್ಲ.

ಆ ವಾರದ ಕೊನೆಯಲ್ಲಿ ತಂಗಿ ಒಬ್ಬಳೇ ಅಕ್ಕನ ಕೋಣೆಗೆ ಬಂದಳು. ಮಂಚದ ತುದಿಯಲ್ಲಿ ಕೂತು ಹೊದಿಕೆಯ ದಾರ ಎಳೆಯುತ್ತ, "ಅಕ್ಕ, ನಿಜ ಹೇಳು, ಹೇಗಿತ್ತು ನಿನಗೆ? ನನಗೆ ಭಯ ಆಗ್ತಿದೆ. ಇನ್ಯಾರ ಹತ್ತಿರನೂ ಹೇಳೋ ಹಾಗಿಲ್ಲ" ಎಂದಳು.

ಅಕ್ಕ ಅಲ್ಲಿ ಒಂದು ಮಾತು ಹೇಳಬಹುದಿತ್ತು. ನಂದು ಬೇರೆ ಆಪರೇಷನ್, ನಿಂದು ಬೇರೆ, ಎರಡನ್ನೂ ಹೋಲಿಸಬೇಡ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಎದ್ದು ಬಾಗಿಲು ಹಾಕಿದಳು, ಅಂಗಿ ಮೇಲೆತ್ತಿದಳು. ತಂಗಿ ಆ ಗಾಯವನ್ನು ಇಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ. ನೇರ ಇಳಿದು ಬಲಕ್ಕೆ ತಿರುಗಿದ ಗೀಟು, ಅದರ ಅಂಚಿನಲ್ಲಿ ಹೊಲಿಗೆಯ ಚುಕ್ಕಿಗಳು, ಹರ್ನಿಯಾ ತಡೆಯಲು ಒಳಗೆ ಬಲೆ ಇಟ್ಟು ಹೊಲಿದ ಕಡೆ ತಗ್ಗು.

"ಮುಟ್ಟಿ ನೋಡು" ಎಂದಳು ಅಕ್ಕ. "ಈ ಜಾಗ ಇವತ್ತಿಗೂ ಜೋಮು. ಎಚ್ಚರ ಆದಾಗ ಉಸಿರು ಎಳೆಯೋಕೆ ಆಗಲಿಲ್ಲ ಕಣೆ. ಕೆಮ್ಮಿದರೆ ಹೊಟ್ಟೆ ಬಿರಿದುಹೋಗುತ್ತೇನೋ ಅನ್ನಿಸೋದು. ಹಳದಿ ನೀರು ನಳಿಕೆಯಲ್ಲಿ ಇಳೀತಾನೇ ಇತ್ತು, ನಿಲ್ಲಲೇ ಇಲ್ಲ. ಆರು ತಿಂಗಳು ಒಂದು ನೀರಿನ ಕೊಡ ಎತ್ತಲಿಲ್ಲ. ನಿನ್ನ ಮಗಳು ಓಡಿಬಂದು ಹೊಟ್ಟೆ ಮೇಲೆ ಬೀಳ್ತಾಳಲ್ಲ, ಅವಳಿಗೆ ಹೇಗೆ ಹೇಳ್ತೀಯ? ಒಳಗೆ ಏನಾಗುತ್ತೆ ಅಂತ ಮೊದಲೇ ಯಾರೂ ಬರೆದುಕೊಡಲ್ಲ. ಹೊಟ್ಟೆ ತೆರೀಬೇಕಾದ ಆ ಐದು ಜನಕ್ಕೂ ಐದೇ ತೂತು ಅಂತ ಹೇಳಿರ್ತಾರೆ."

ಒಂದು ಮಾತೂ ಸುಳ್ಳಲ್ಲ. ಹೇಳುವಾಗ ಅವಳಿಗೆ ಎಷ್ಟೋ ದಿನದ ಮೇಲೆ ಹಿತವೆನಿಸಿತು. ತಂಗಿಯ ಮುಖದ ಬಣ್ಣ ಇಳಿಯುವುದು ಕಾಣುತ್ತಿತ್ತು. ಇಷ್ಟಾದರೂ ಗೊತ್ತಾಗಲಿ, ಪುಕ್ಕಟೆ ಬರುವ ಹೆಸರಲ್ಲ ಇದು ಎಂದು ಅಂಗಿ ಕೆಳಗೆ ಬಿಟ್ಟಳು. ತಂಗಿ ಎದ್ದು ಹೋದಳು.

ನಾಲ್ಕು ದಿನದ ಮೇಲೆ ಆಸ್ಪತ್ರೆಯಲ್ಲಿ ಎಲ್ಲರನ್ನೂ ಕರೆದು ಕೂರಿಸಿದರು. ಅಮ್ಮ ಗಾಲಿಕುರ್ಚಿಯಲ್ಲಿದ್ದಳು. ತಂಗಿ ಕಿಟಕಿಯ ಕಡೆ ಮುಖ ಮಾಡಿದ್ದಳು, ಅವಳ ಗಂಡ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಶಸ್ತ್ರವೈದ್ಯೆ ಬಂದು, ನಿಂತುಕೊಂಡೇ, "ಈ ದಾನಿ ಹೊಂದುವುದಿಲ್ಲ. ಇದಕ್ಕಿಂತ ಹೆಚ್ಚು ಹೇಳುವ ಹಾಗಿಲ್ಲ" ಎಂದರು.

ಆ ವಾಕ್ಯದ ಅರ್ಥ ಅಮ್ಮನಿಗೂ ತಂಗಿಯ ಗಂಡನಿಗೂ ಗೊತ್ತಿರಲಿಲ್ಲ, ಅಕ್ಕನಿಗೆ ಗೊತ್ತಿತ್ತು.

ಆ ಆಸ್ಪತ್ರೆಯಲ್ಲಿ ಒಂದು ಪದ್ಧತಿ ಇದೆ. ದಾನಿಯನ್ನು ಆಪರೇಷನ್‌ಗೆ ಮೊದಲು ಒಬ್ಬರೇ ಒಂದು ಸಣ್ಣ ಕೋಣೆಗೆ ಕರೆಯುತ್ತಾರೆ. ಅಲ್ಲಿರುವವರು ಶಸ್ತ್ರವೈದ್ಯರ ಕಡೆಯವರೂ ಅಲ್ಲ, ರೋಗಿಯ ಕಡೆಯವರೂ ಅಲ್ಲ, ಬರೀ ದಾನಿಯ ಕಡೆಯವರು. ಹನ್ನೆರಡು ವರ್ಷದ ಹಿಂದೆ ಅಕ್ಕ ಕೂತಿದ್ದಾಗ ಎದುರಿಗೆ ದಪ್ಪ ಕನ್ನಡಕದ ಹಿರಿಯರೊಬ್ಬರಿದ್ದರು. "ನೋಡಮ್ಮ, ನಿನಗೆ ಇಷ್ಟವಿಲ್ಲದಿದ್ದರೆ ಈಗ ಹೇಳು. ಕಾರಣ ಬೇಕಿಲ್ಲ. ನಿನ್ನ ಮನೆಯವರಿಗೆ, ಈ ದಾನಿ ಹೊಂದುವುದಿಲ್ಲ, ಇದಕ್ಕಿಂತ ಹೆಚ್ಚು ಹೇಳುವ ಹಾಗಿಲ್ಲ ಅಂತಷ್ಟೇ ಹೇಳ್ತಾರೆ. ನೀನು ಬೇಡ ಅಂದೆ ಅಂತ ಯಾರಿಗೂ ತಿಳಿಯಲ್ಲ" ಎಂದಿದ್ದರು. ನಿಜವಾಗಿಯೂ ಹೊಂದದಿದ್ದರೆ ಫಿಲ್ಮ್ ತೋರಿಸಿ ವಿವರಿಸುತ್ತಾರೆ, ಸೋದರಮಾವನ ಮಗನಿಗೆ ವಿವರಿಸಿದ ಹಾಗೆ. ಇಂದು ಫಿಲ್ಮ್ ಬರಲಿಲ್ಲ.

ತಂಗಿ ಬೇಡ ಎಂದಿದ್ದಾಳೆ. ಬೇಡ ಅನ್ನುವಂತೆ ಮಾಡಿದವಳು ತಾನು.

ಅಮ್ಮ ಏನು ಮಾಡಿದಳು ಗೊತ್ತೇ? ಕೈ ಚಾಚಿ ತಂಗಿಯ ಕೈ ಹಿಡಿದು, "ಅಳಬೇಡ ಕಂದ, ಎಷ್ಟು ಆಸೆಪಟ್ಟಿದ್ದೆ ನೀನು, ನನ್ನ ಅದೃಷ್ಟ ಇಷ್ಟೇ" ಎಂದು ತಾನೇ ಸಮಾಧಾನ ಮಾಡಿದಳು. ಅಷ್ಟು ಹೊತ್ತಿನಲ್ಲೂ, ಅಮ್ಮನ ಸಾವು ಕಣ್ಣೆದುರು ಬಂದು ನಿಂತ ಹೊತ್ತಿನಲ್ಲೂ, ಅಕ್ಕನಿಗೆ ಹೊಟ್ಟೆ ಉರಿಯಿತು. ಕೊಡುತ್ತೇನೆ ಎಂದರೂ ಇವಳಿಗೇ ಮುದ್ದು, ಕೊಡದಿದ್ದರೂ ಇವಳಿಗೇ ಮುದ್ದು. ತನ್ನ ಮನಸ್ಸು ಹೀಗೂ ಯೋಚಿಸುತ್ತದಲ್ಲ ಎಂದು ಅವಳಿಗೆ ಹೇಸಿಗೆಯಾಯಿತು. ಹೇಸಿಗೆಯಾದರೂ ಉರಿ ಆರಲಿಲ್ಲ.

ಎರಡು ದಿನ ಅವಳಿಗೆ ಅನ್ನ ಇಳಿಯಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಕಲಿಯುವವರ ಪಾಠವನ್ನೆಲ್ಲ ರದ್ದುಮಾಡಿ, ಕನ್ನಡಕದ ಅಂಗಡಿಯ ಮುಂದೆ ಕಾರು ತಂದು ನಿಲ್ಲಿಸಿ ಹಾರ್ನ್ ಹೊಡೆದಳು. ತಂಗಿ ಬಂದು ಪಕ್ಕದಲ್ಲಿ ಕೂತಳು. ಊರಾಚೆ ಡ್ರೈವಿಂಗ್ ಕಲಿಸುವ ಖಾಲಿ ಮೈದಾನಕ್ಕೆ ಹೋದರು. ಕೆಂಪು ಪ್ಲಾಸ್ಟಿಕ್ ಕೋನುಗಳ ಸಾಲಿನ ಮುಂದೆ ಅಕ್ಕ ಗಾಡಿ ನಿಲ್ಲಿಸಿದಳು.

"ನೀನು ಬೇಡ ಅಂದೆ" ಎಂದಳು.

ತಂಗಿ ಬೆಚ್ಚಿಬಿದ್ದಳು. "ಯಾರು ಹೇಳಿದ್ದು? ಯಾರಿಗೂ ಹೇಳಲ್ಲ ಅಂದಿದ್ರು ಅವರು."

"ಯಾರೂ ಹೇಳಲಿಲ್ಲ. ಆ ಕೋಣೇಲಿ ನಾನೂ ಕೂತಿದ್ದೆ, ನನಗೂ ಅದೇ ಮಾತು ಹೇಳಿದ್ರು. ಗಾಬರಿ ಬೇಡ, ನಾನು ಯಾರಿಗೂ ಹೇಳಲ್ಲ. ನಾನು ಬಂದಿದ್ದು ಬೇರೆ ವಿಷಯಕ್ಕೆ." ಅಕ್ಕ ಸ್ಟೀರಿಂಗ್ ಹಿಡಿದೇ ಇದ್ದಳು. "ಅವತ್ತು ನಾನು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಅರ್ಧ ಹೇಳಿದೆ, ಅರ್ಧ ನುಂಗಿದೆ. ಆರನೇ ದಿನ ಎದ್ದು ಕೂತು ನಕ್ಕಿದ್ದೆ, ಅದನ್ನ ಹೇಳಲಿಲ್ಲ. ಮೂರು ತಿಂಗಳಿಗೆ ಲಿವರ್ ಬೆಳೆದು ತುಂಬ್ಕೊಂಡಿತ್ತು, ಹೇಳಲಿಲ್ಲ. ಸೀಟ್ ಬೆಲ್ಟ್ ಕೆಳಗೆ ಬಟ್ಟೆ ಇಡ್ತೀನಲ್ಲ, ಅದು ಬೇಕಾಗಿ ಏಳೆಂಟು ವರ್ಷ ಆಯ್ತು. ಸುಮ್ಮನೆ ಇಟ್ಕೋತೀನಿ, ಯಾರಾದ್ರೂ ಕೇಳಲಿ ಅಂತ. ನಿಂದು ನನ್ನಂಥ ಆಪರೇಷನ್ ಅಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನೂ ಹೇಳಲಿಲ್ಲ."

"ಯಾಕಕ್ಕ?"

"ಹೊಟ್ಟೆಕಿಚ್ಚು."

ತಂಗಿ ತಿರುಗಿ ನೋಡಿದಳು. "ನನ್ನ ಮೇಲಾ?"

"ಮತ್ತೆ ಇನ್ಯಾರ ಮೇಲೆ? ನಾನು ಒಂದು ತಿಂಗಳು ನರಳಿ ತಗೊಂಡ ಹೆಸರು, ನೀನು ಐದು ದಿನದಲ್ಲಿ ತಗೊಂಡು ಹೋಗ್ತೀಯ ಅಂತ. ನನ್ನ ಹತ್ತಿರ ಇದ್ದದ್ದೇ ಅದೊಂದು."

"ಅಮ್ಮ ಸಾಯ್ತಾಳೆ ಅಂತ ಗೊತ್ತಿದ್ದೂ?"

"ನೀನು ಬೇಡ ಅಂತೀಯ ಅಂದ್ಕೊಂಡಿರಲಿಲ್ಲ. ಬರೀ ಹೆದರ್ಕೊಳ್ಳಲಿ ಅಂದ್ಕೊಂಡಿದ್ದೆ." ಅಕ್ಕ ತಂಗಿಯ ಕಡೆ ತಿರುಗಿದಳು. "ನೋಡು, ನಿನಗೆ ಇಷ್ಟ ಇಲ್ಲ ಅಂದ್ರೆ ಬೇಡವೇ ಬೇಡ. ಮೂರು ವರ್ಷದ ಮಗು ಇಟ್ಕೊಂಡಿದ್ದೀಯ, ನಿನ್ನನ್ನ ತಪ್ಪು ಅನ್ನೋಕೆ ನನಗೆ ಬಾಯಿಲ್ಲ. ಆದರೆ ಬೇಡ ಅನ್ನೋದಾದ್ರೆ ಅದು ನಿನ್ನ ಮಾತಾಗಿರಲಿ, ನನ್ನ ಹೊಟ್ಟೆಕಿಚ್ಚಿನ ಮಾತು ಬೇಡ. ಇನ್ನೊಂದು ಸಲ ಯೋಚನೆ ಮಾಡು. ನನ್ನ ಹತ್ತಿರ ಕೇಳಬೇಡ, ಡಾಕ್ಟರ್ ಹತ್ತಿರ ಕೇಳು."

ತಂಗಿ ಬಾಗಿಲು ತೆಗೆದು ಇಳಿದಳು. ಎರಡು ಹೆಜ್ಜೆ ಹೋದವಳು ಹಿಂದಿರುಗಿ ಬಂದು ಕಿಟಕಿಗೆ ಬಾಗಿದಳು. ಸದಾ ನಗುವ ಆ ಮುಖ ಕೆಂಪಗಾಗಿತ್ತು. "ನಾನು ಚಿಕ್ಕೋಳಿದ್ದಾಗಿಂದ ಎಲ್ಲರೂ ನನಗೆ ಹೇಳಿದ್ದು ಒಂದೇ ಮಾತು, ಅಕ್ಕನ್ನ ನೋಡಿ ಕಲಿ ಅಂತ. ಭಯ ಆದಾಗ ನಿನ್ನ ಹತ್ತಿರನೇ ಬಂದೆ. ನೀನು ಹೀಗೆ ಮಾಡಿದೆ" ಎಂದು ಹೇಳಿ, ಕೋನುಗಳ ನಡುವೆ ನಡೆದು, ರಸ್ತೆಗೆ ಹೋಗಿ ಬಸ್ಸು ಹತ್ತಿದಳು. ಅಕ್ಕ ಅಲ್ಲೇ ಕೂತು ಮನಸಾರೆ ಅತ್ತಳು.

ಐದು ದಿನ ತಂಗಿ ಫೋನ್ ಎತ್ತಲಿಲ್ಲ. ಆರನೆಯ ದಿನ ಆಸ್ಪತ್ರೆಯಿಂದಲೇ ಕರೆ ಬಂತು, ದಾನಿಯನ್ನು ಮತ್ತೆ ನೋಡಿದ್ದೇವೆ, ಈಗ ಮುಂದುವರಿಯಬಹುದು ಎಂದು. ಹಿಂದೆಯೇ ತಂಗಿಯ ಒಂದು ಸಂದೇಶ ಬಂತು. "ನಾನೇ ಯೋಚನೆ ಮಾಡಿ ಹೂಂ ಅಂದೆ. ಮೊದಲು ಬೇಡ ಅಂದಿದ್ದು ಅಮ್ಮನಿಗೆ ಯಾವತ್ತೂ ಗೊತ್ತಾಗಬಾರದು." ಅಕ್ಕ, "ನನ್ನ ಬಾಯಿಂದ ಬರಲ್ಲ" ಎಂದು ಉತ್ತರ ಕಳಿಸಿದಳು.

ಆಪರೇಷನ್ ದಿನ ಬೆಳಿಗ್ಗೆ ಆರಕ್ಕೆ ತಂಗಿಯನ್ನು ಒಳಗೆ ಕರೆದುಕೊಂಡರು, ಆಮೇಲೆ ಪಕ್ಕದ ಕೋಣೆಗೆ ಅಮ್ಮನನ್ನು. ಕಾಯುವ ಹಜಾರದಲ್ಲಿ ಉಕ್ಕಿನ ಕುರ್ಚಿಗಳು, ನೀರಿನ ಯಂತ್ರ, ಗೋಡೆಯ ಮೇಲೆ ಸದ್ದಿಲ್ಲದ ಟಿವಿ. ತಂಗಿಯ ಗಂಡ ಒಂದೇ ಪತ್ರಿಕೆಯ ಒಂದೇ ಪುಟವನ್ನು ಮೂರು ಗಂಟೆ ಓದಿದ. ಅಕ್ಕ ದೇವರನ್ನು ಬೇಡಿಕೊಂಡಳು. ಬೇಡಿಕೊಳ್ಳುತ್ತಿರುವಾಗಲೇ ಮನಸ್ಸಿನ ಒಂದು ಮೂಲೆಯಿಂದ ನೂರ ನಲವತ್ತರಲ್ಲಿ ಐದು ಎಂಬ ಲೆಕ್ಕ ಎದ್ದು ಬಂತು. ಜೀವಕ್ಕೆ ಏನೂ ಆಗದಿರಲಿ, ಬರೀ ಹೊಟ್ಟೆ ತೆರೆಯುವಂತಾಗಲಿ, ನೇರ ಬಂದು ಬಲಕ್ಕೆ ತಿರುಗಲಿ ಎಂದು ಆ ಮೂಲೆ ಮೆಲ್ಲಗೆ ಆಸೆಪಟ್ಟಿತು. ಅಕ್ಕ ತಟ್ಟನೆ ಎದ್ದು ಹೋಗಿ ಮುಖಕ್ಕೆ ತಣ್ಣೀರು ಹಾಕಿಕೊಂಡಳು. ಕನ್ನಡಿಯಲ್ಲಿ ಕಂಡವಳಿಗೆ, "ಥೂ ನಿನ್ನ" ಎಂದಳು.

ಮಧ್ಯಾಹ್ನ ಒಂದೂವರೆಗೆ ಶಸ್ತ್ರವೈದ್ಯೆ ಹೊರಗೆ ಬಂದರು. ಟೋಪಿಯ ಅಂಚು ಹಣೆಯ ಮೇಲೆ ಗೆರೆ ಮೂಡಿಸಿತ್ತು. "ನಿಮ್ಮ ತಂಗಿ ಚೆನ್ನಾಗಿದ್ದಾರೆ. ಹೊಟ್ಟೆ ತೆರೀಬೇಕಾಗಲಿಲ್ಲ. ಒಂದು ಲೋಟದಷ್ಟೂ ರಕ್ತ ಹೋಗಿಲ್ಲ. ಲಿವರ್ ಹಳೇ ಗೀಟಿನಲ್ಲೇ ಬಂತು. ಅಮ್ಮನದು ಇನ್ನೂ ನಡೀತಿದೆ" ಎಂದರು. ತಂಗಿಯ ಗಂಡ ಅಳತೊಡಗಿದ. ಅಕ್ಕನಿಗೆ ಸಮಾಧಾನವೂ ಬಂತು, ನಿರಾಸೆಯೂ ಬಂತು. ಯಾವುದು ಮೊದಲು ಬಂತೆಂದು ಅವಳು ಯಾರಿಗೂ ಹೇಳುವವಳಲ್ಲ.

ತಂಗಿ ಎರಡನೇ ದಿನ ಎದ್ದು ನಡೆದಳು. ಮೂರನೇ ದಿನ ಹಜಾರದ ಆ ತುದಿಯಿಂದ ಈ ತುದಿಗೆ ಹೋಗಿಬಂದು, ನರ್ಸ್ ಒಬ್ಬಳ ಕನ್ನಡಕದ ಫ್ರೇಮು ಸಡಿಲವಾಗಿದೆಯೆಂದು ಸರಿಮಾಡಿಕೊಟ್ಟಳು. ಹೊಟ್ಟೆಯ ಮೇಲೆ ಐದು ಚಿಕ್ಕ ಪಟ್ಟಿಗಳು, ಮಕ್ಕಳು ಮೊಣಕಾಲಿಗೆ ಅಂಟಿಸಿಕೊಳ್ಳುವಂಥವು. ಐದನೇ ದಿನ ಮನೆಗೆ ಹೋದಳು. ಅವಳ ತಲೆಗೆ ನೀರು ಹಾಕಿದ್ದು, ಮಗುವನ್ನು ಎತ್ತಿ ಅವಳ ಪಕ್ಕ ಕೂರಿಸಿದ್ದು, ಮಾತ್ರೆಯ ಹೊತ್ತು ನೆನಪಿಟ್ಟದ್ದು ಎಲ್ಲ ಅಕ್ಕನೇ. ತಲೆ ತಿಕ್ಕುವಾಗ ಒಮ್ಮೊಮ್ಮೆ ಕೈ ಸ್ವಲ್ಪ ಜೋರಾಗುತ್ತಿತ್ತು. ತಂಗಿ "ಹಾ" ಎನ್ನುತ್ತಿದ್ದಳು, ಅಷ್ಟೇ. ಇಬ್ಬರ ನಡುವೆ ಮಾತು ಬೇಕಾದಷ್ಟೇ ಇತ್ತು.

ಅಮ್ಮ ಮೂರು ವಾರ ಆಸ್ಪತ್ರೆಯಲ್ಲಿದ್ದಳು. ಅವಳ ಹೊಟ್ಟೆಯನ್ನು ಹಳೆಯ ರೀತಿಯಲ್ಲೇ ಅಗಲವಾಗಿ ತೆರೆದಿದ್ದರು. ಕೆಟ್ಟ ಲಿವರ್ ತೆಗೆದು ಹೊಸದು ಕೂರಿಸಲು ತೂತು ಸಾಲದು. ಕಣ್ಣಿನ ಹಳದಿ ದಿನದಿನಕ್ಕೂ ಇಳಿಯಿತು. ಬಿಡುಗಡೆಗೆ ಎರಡು ದಿನ ಮುಂಚೆ ಅವಳು ದಿಂಬಿಗೆ ಒರಗಿ ಕೂತಿದ್ದಳು. ಅಕ್ಕ ಅವಳ ಪಾದಕ್ಕೆ ಎಣ್ಣೆ ತಿಕ್ಕುತ್ತಿದ್ದಳು. ತಂಗಿ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತು ಸೇಬಿನ ಸಿಪ್ಪೆ ತೆಗೆಯುತ್ತಿದ್ದಳು. ಅಮ್ಮನ ಹಳೆಯ ಗೆಳತಿಯೊಬ್ಬಳು ನೋಡಲು ಬಂದಿದ್ದಳು.

"ಎರಡು ಹೆಣ್ಣು ಮಕ್ಕಳು, ಇಬ್ಬರೂ ಬಂಗಾರ" ಎಂದಳು ಗೆಳತಿ.

"ಬಂಗಾರವೇ" ಎಂದಳು ಅಮ್ಮ. ದನಿಗೆ ಹಳೆಯ ಕಸುವು ಮರಳಿತ್ತು. "ದೊಡ್ಡವಳು ಅವರಪ್ಪನಿಗೆ ಕೊಟ್ಟಳು. ಪಾಪ, ಅವಳಿಗೆ ಆಗ ತುಂಬಾ ಹೆದರಿಕೆ. ಎರಡು ದಿನ ಯೋಚನೆ ಮಾಡಿ ಹೇಳ್ತೀನಿ ಅಂದಿದ್ಲು. ಆ ಎರಡು ದಿನ ನಾನು ಹೇಗೆ ಕಳೆದೆ ಅಂತ ನನಗೇ ಗೊತ್ತು. ತಪ್ಪು ಅಂತ ಹೇಳ್ತಿಲ್ಲ, ಯಾರಿಗೇ ಆಗಲಿ ಹೆದರಿಕೆ ಆಗುತ್ತೆ. ಆದರೆ ಚಿಕ್ಕವಳನ್ನ ನೋಡು. ಕೇಳಿದ ತಕ್ಷಣ ಹೂಂ ಅಂದ್ಲು. ಡಾಕ್ಟರುಗಳೇ ಆಗಲ್ಲ ಅಂದ್ರೂ ಬಿಡದೆ ಇನ್ನೊಂದು ಸಲ ಪರೀಕ್ಷೆ ಮಾಡಿಸ್ಕೊಂಡ್ಲು. ಒಂದು ಕ್ಷಣವೂ ಹಿಂದೆಮುಂದೆ ನೋಡಲಿಲ್ಲ ನನ್ನ ಮಗಳು."

ಅಕ್ಕನ ಕೈ ಅಮ್ಮನ ಹಿಮ್ಮಡಿಯ ಮೇಲೆ ನಿಂತಿತು. ಹನ್ನೆರಡು ವರ್ಷದ ಮೇಲೆ ಅಮ್ಮ ಈ ಎರಡು ದಿನದ ಲೆಕ್ಕ ತೆಗೆದಿದ್ದಳು, ಅದೂ ಹೊರಗಿನವರ ಮುಂದೆ. ಅಷ್ಟು ವರ್ಷ ಅದನ್ನು ಎಲ್ಲಿ ಇಟ್ಟುಕೊಂಡಿದ್ದಳೋ. ಒಂದೇ ಒಂದು ಮಾತು ಸಾಕಿತ್ತು. ಅಮ್ಮ, ಆಗಲ್ಲ ಅಂದಿದ್ದು ಡಾಕ್ಟರುಗಳಲ್ಲ. ಆ ಮಾತು ಪೂರ್ತಿಯಾಗಿ, ತಯಾರಾಗಿ, ಹಲ್ಲಿನ ಹಿಂದೆ ಬಂದು ನಿಂತಿತು.

ಕಿಟಕಿಯ ಹತ್ತಿರ ಚಾಕುವಿನ ಸದ್ದು ನಿಂತಿತ್ತು. ತಂಗಿ ತಲೆ ತಗ್ಗಿಸಿಕೊಂಡಿದ್ದಳು. ಅವಳ ಕಿವಿ ಬೆಳ್ಳಗಾಗಿತ್ತು.

ಅಕ್ಕ ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡಳು. "ಹೌದಮ್ಮ" ಎಂದಳು. "ಒಂದು ಸಲವೂ ಹಿಂದೆಮುಂದೆ ನೋಡಲಿಲ್ಲ ಅವಳು. ನಾನೇ ಅಷ್ಟು ಹೆದರಿದ್ದು. ಇನ್ನೊಂದು ಕಾಲು ಕೊಡು."